ಹದಿನಾಲ್ಕನೇ ಸೀಟು

ಸೋಮವಾರ ಬೆಳಿಗ್ಗೆ ಸಿಸ್ಟರ್ ಎಮಿಲ್ಡಾ
ನನ್ನ ಬೆನ್ನಿಗೆ ಇಪ್ಪತ್ತು ಜನರನ್ನು ಹತ್ತಿಸಿದಳು.
ಎರಡು ಸಾಲು, ಸಾಲಿಗೆ ಹತ್ತು,
ಬಿಂದಿಯಷ್ಟಗಲದ ಅಲ್ಯೂಮಿನಿಯಂ ಬಟ್ಟಲು,
ಮೇಲೆ ಬಿಳೀ ಟೇಪು, ಪಕ್ಕದಲ್ಲಿ ನೀಲಿ ಪೆನ್ನಿನ ನಂಬರು.
"ಶುಕ್ರವಾರದವರೆಗೆ ಸ್ನಾನ ಇಲ್ಲ, ಬೆವರೋ ಹಾಗಿಲ್ಲ,
ಕೆರಕೊಂಡರೆ ನಾನೇ ಬಂದು ಕೈ ಕಟ್ತೀನಿ."

ಬೆವರಬಾರದಂತೆ.
ಮಾರ್ಚ್ ತಿಂಗಳಲ್ಲಿ, ಲಗ್ಗೆರೆಯ ಶೀಟಿನ ಮನೆಯಲ್ಲಿ.

ಮೂರು ವರ್ಷದಿಂದ ಬೆರಳ ಸಂದಿಯಲ್ಲಿ
ಟಿಕೆಟ್ಟಿಲ್ಲದೆ ಕೂತವನು ಯಾರೆಂದು
ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.
ಡಿಪೋದ ಹನುಮಕ್ಕ: "ನಂಜು ಕಣೇ, ಬದನೆಕಾಯಿ ಬಿಡು."
ಬಿಟ್ಟೆ.
ಅತ್ತೆ: "ನಾಗರಕಲ್ಲಿಗೆ ಹಾಲೆರಿ."
ಎರೆದೆ. ಹಾಲು ಮಣಿಕಟ್ಟಿಗಿಳಿದು ಉರಿಯಿತು.
ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಟ್ಯೂಬು
ವಾರ ತಣ್ಣಗಿಟ್ಟು, ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡಿತು.
ಹಿಂದಿನ ಡಾಕ್ಟರು ತಲೆ ಎತ್ತದೆ:
"ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್ ಹಾಕಿ."
ಕೆಂಪನೆಯ ಜೋಡಿ ತಂದೆ,
ತುರಿಕೆ ಹೆಚ್ಚಾದ ದಿನ ಇನ್ನೊಂದು ಗಂಟೆ ಹೆಚ್ಚು ಹಾಕಿದೆ.

ನನಗೆ ಮಾತ್ರ ಚಿಲ್ಲರೆ ಮೇಲೇ ಅನುಮಾನ.
ಹದಿನಾರು ವರ್ಷ ಈ ಕೈಯಿಂದ ಆ ಕೈಗೆ;
ಶಿಫ್ಟು ಮುಗಿಸಿ ಬ್ಯಾಗು ಕೊಡವಿದರೆ
ಅಂಗೈ ತುಂಬ ತುಕ್ಕಿನ ವಾಸನೆ.
ಒಬ್ಬಳು ಇಸ್ತ್ರಿ ಮಾಡಿದ ಹುಡುಗಿ, ಯಶವಂತಪುರದಲ್ಲಿ,
ನನ್ನ ಬಿರಿದ ಬೆರಳು ನೋಡಿ
ನಾಣ್ಯವನ್ನು ವೇಲಿನ ತುದಿಯಲ್ಲಿ ಹಿಡಿದುಕೊಂಡಳು.
ಅವಳ ಮೇಲಲ್ಲ, ಆ ಎರಡು ರೂಪಾಯಿಯ ಮೇಲೆ ಸಿಟ್ಟಾಯಿತು.

ರಾತ್ರಿ ಬೋರಲು ಮಲಗಿದೆ. ಮಗ ಇಂದ್ರೇಶ
ಮೊಬೈಲ್ ಟಾರ್ಚು ಬಿಟ್ಟು ಓದಿದ:
"ಅಮ್ಮಾ, ಏಳನೇ ನಂಬರು ಯಾರು?"
ಯಾರೋ. ಯಾವ ಸ್ಟಾಪಲ್ಲಿ ಇಳಿಯುತ್ತಾನೋ.
ಬೆನ್ನು ಎಂಥ ಜಾಗ ನೋಡು:
ಮೂಟೆ ಹೊತ್ತಿದ್ದೇನೆ ಅಲ್ಲಿ, ನಿನ್ನನ್ನೂ ಹೊತ್ತಿದ್ದೇನೆ,
ಜನ ಅದರ ಹಿಂದೆ ಬೇಕಾದಷ್ಟು ಮಾತಾಡಿದ್ದಾರೆ,
ನಾನೊಬ್ಬಳೇ ಇನ್ನೂ ನೋಡಿಲ್ಲ.

ಬುಧವಾರ ಟೇಪು ಕಿತ್ತರು. ಏನೂ ಹೇಳಲಿಲ್ಲ.

ಶುಕ್ರವಾರ ಡಾಕ್ಟರ್ ತಬಸ್ಸುಮ್
ಚೆಕಿಂಗ್ ಇನ್‌ಸ್ಪೆಕ್ಟರ ಹಾಗೆ ಹಿಂದಿನ ಬಾಗಿಲಿಂದ ಬಂದರು.
ಒಂದೊಂದೇ ಸೀಟಿನ ಮೇಲೆ ಬೆರಳಾಡಿಸಿ
ಸಿಸ್ಟರಿಗೆ ಬರೆಸಿದರು.
ಒಂದು: ಬರೀ ವ್ಯಾಸಲೀನು, ಏನೂ ಮಾಡದವನು.
ಅವನೇನಾದರೂ ಮಾಡಿದರೆ ಪರೀಕ್ಷೆಯೇ ಸುಳ್ಳಂತೆ.
ನಿಕಲ್: ಇಲ್ಲ.
ನಾನು ಕತ್ತು ತಿರುಗಿಸಿದೆ. "ಸರಿಯಾಗಿ ನೋಡಿ ಮೇಡಂ."
ನೋಡಿದರು. ಇಲ್ಲ.
ಕಾಂಗ್ರೆಸ್ ಗಿಡ, ನಮ್ಮ ಪಕ್ಕದ ಖಾಲಿ ಸೈಟಿನ ತುಂಬ ಇರುವುದು:
ಅದೂ ಇಲ್ಲ.
ಹದಿನಾಲ್ಕರ ಹತ್ತಿರ ಬೆರಳು ನಿಂತಿತು.
"ಹೋಲ್ಡಾನ್" ಅಂದೆ ಮನಸ್ಸಿನಲ್ಲೇ.
ಕೆಂಪಗೆ, ಉಬ್ಬಿ, ರಾಗಿ ಕಾಳಿನಂಥ ಗುಳ್ಳೆ.
"ಎರಡು ಪ್ಲಸ್. ಥೈರಾಮ್."
ದೇವರ ಹೆಸರಿನ ಹಾಗಿತ್ತು.
ರಬ್ಬರಿಗೆ ಬೆರೆಸುವ ಮದ್ದಂತೆ. "ಮನೇಲಿ, ಕೆಲಸದಲ್ಲಿ, ರಬ್ಬರು ಏನಾದ್ರೂ...?"

ಬ್ಯಾಗಿನ ಜಿಪ್ಪು ತೆಗೆದು ಮೇಜಿನ ಮೇಲಿಟ್ಟೆ:
ನೋಟು ಎಣಿಸಲು ಹೆಬ್ಬೆರಳಿಗೆ ತೊಡುವ ಟೋಪಿ,
ಚುಕ್ಕೆ ಚುಕ್ಕೆ ಮೈಯದು, ನನ್ನ ಉಗುರಿನ ಆಕಾರಕ್ಕೇ ಸವೆದದ್ದು.
ಆಮೇಲೆ ಅಡುಗೆಮನೆಯ ಮೊಳೆಯಲ್ಲಿ
ಐದೈದು ಬೆರಳು ಕೆಳಗೆ ಬಿಟ್ಟು ನೇತಾಡುತ್ತಿರುವ
ಕೆಂಪು ಜೋಡಿ ನೆನಪಾಯಿತು.

ವಾಸಿಯಾಗಲು ಆರು ವಾರ ಬೇಕಂತೆ.
ಚರ್ಮಕ್ಕೆ ಸುದ್ದಿ ಮುಟ್ಟುವುದು ನಿಧಾನ.

ವಾಪಸ್ ಬಸ್ಸಿನ ಕಂಡಕ್ಟರು ಗುರುತಿಲ್ಲದ ಹುಡುಗ.
ಹೆಬ್ಬೆರಳಲ್ಲಿ ಅದೇ ಟೋಪಿ. ಕೈ ನೋಡಿದೆ,
ಎಣ್ಣೆ ಹಚ್ಚಿದಂತೆ ನುಣುಪು. ಸುಮ್ಮನಾದೆ.

ಲಗ್ಗೆರೆ ಸೇತುವೆ ಹತ್ತಿರ ಇಳಿದು
ಗುಂಡುಬದನೆ ಅರ್ಧ ಕೇಜಿ ಕೊಂಡೆ,
ಮೂರು ವರ್ಷದ ಬಾಕಿ.
"ಚಿಲ್ಲರೆ ಇದೆಯೇನಕ್ಕಾ?" ಅಂದಳು ಗಾಡಿಯವಳು.
ಇದೆ ಅಂದೆ.
ಬರಿಗೈಯಲ್ಲಿ ಒಂದೊಂದಾಗಿ ಎಣಿಸಿ ಕೊಟ್ಟೆ.