ಮದ್ದಿನ ಪೆಟ್ಟಿಗೆ

ಮಂಚದಡಿ ಅಪ್ಪನ ಮದ್ದಿನ ಪೆಟ್ಟಿಗೆ.
ಗಣಿಯಿಂದ ಹೊತ್ತು ತಂದದ್ದು, ಬಣ್ಣ ಹೋದ ಮರ.
ಮೇಲೆ ಕೆಂಪಕ್ಷರ ಅರ್ಧ ಉಳಿದಿದೆ:
ಬೆಂಕಿಯಿಂದ ದೂರ...
ಮಿಕ್ಕಿದ್ದನ್ನು ಗೆದ್ದಲು ಓದಿ ಮುಗಿಸಿದೆ.
ಒಳಗೆ ಈಗ ಮೂವತ್ತೊಂದು ಡಬ್ಬಿ ಮೀನು.

ಎಣ್ಣೆಯ ಮತ್ತಿ ಹನ್ನೆರಡು,
ಟೊಮೇಟೊ ರಸದ್ದು ಏಳು, ಅದು ನನಗೆ.
ಬರೀ ನೀರಿನದ್ದು ಹನ್ನೆರಡು, ರಾಸಾತಿಗೆ.
ಉಪ್ಪು ಬೆಕ್ಕಿಗೆ ಆಗದು
ಅಂದಿದ್ದು ಬಂಗಾರಪೇಟೆಯ ದನದ ಡಾಕ್ಟರು.
ನಾಯಿಗೆ ಯಾವುದಾದರೂ ನಡೆದೀತು.
ಆರಕ್ಕೊಮ್ಮೆ, ಎರಡಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ
ತಪ್ಪದೆ ಬಾಗಿಲಿಗೆ ಬರುತ್ತದೆ ಅಂತ
ಅದಕ್ಕೆ ಶಿಫ್ಟು ಅಂತ ಹೆಸರಿಟ್ಟೆ.
ಈ ಊರಲ್ಲಿ ಶಿಫ್ಟಿಗೆ ಹೋಗುವವನು
ಈಗ ಅವನೊಬ್ಬನೇ.

ಮುಚ್ಚಳದ ಮೇಲೆ ಮಾರ್ಕರಿನಲ್ಲಿ ತಿಂಗಳು, ವರ್ಷ.
ಹಳೇದು ಮುಂದೆ, ಹೊಸದು ಹಿಂದೆ.
ರೇಷನ್ ಅಂಗಡಿಯಲ್ಲಿ ಇಪ್ಪತ್ತು ವರ್ಷ ತೂಕ ಹಾಕಿದ ಕೈ
ಇಷ್ಟೂ ಕಲಿಯದಿದ್ದರೆ ಹೇಗೆ?

ಪಕ್ಕದ ಲೈನಿನ ಅಮಲೋರ್ಪವಮ್ಮ
ಬಗ್ಗಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು:
'ಯಾಕೆ ತೆರೇಸಾ, ಸಮುದ್ರ ಬತ್ತಿ ಹೋಗ್ತದಾ?'
'ಕೋಲಾರಕ್ಕೆ ಸಮುದ್ರ ಬಂದಿದ್ದು ಯಾವಾಗ ಅಕ್ಕಾ,
ಬತ್ತೋಕೆ?'

ಅವಳು ಮರೆತಿದ್ದಾಳೆ. ನಾನು ಮರೆಯಲಾರೆ.
ರೈಲು ನಿಂತ ಆ ಬೇಸಿಗೆ,
ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಅಡ್ಡ ಬೊಂಬು ಕಟ್ಟಿದ್ದರು.
ಬೇತಮಂಗಲದ ಮೀನಿನವನ ಸೈಕಲ್ ಬೆಲ್ಲು
ನಲವತ್ತು ದಿನ ಕೇಳಿಸಲಿಲ್ಲ.
ನನಗೆ ಮುದ್ದೆ ಇತ್ತು, ಹುಣಸೆ ನೀರಿತ್ತು.
ರಾಸಾತಿ ಮುದ್ದೆ ಮೂಸಿ
ನನ್ನ ಮುಖ ನೋಡಿತು.
ಕೂಗಲಿಲ್ಲ.
ಕೂಗಿದ್ದರೆ ಗದರಿಸಿಯಾದರೂ ತೀರುತ್ತಿತ್ತು.

ಆಮೇಲೆ ಶುರು, ತಿಂಗಳಿಗೆ ಒಂದು ಡಬ್ಬಿ,
ಹಣ ಮಿಕ್ಕಿದರೆ ಎರಡು.

ಅಪ್ಪ ಹೇಳುತ್ತಿದ್ದ ಕತೆಯೊಂದಿದೆ.
ಎಷ್ಟೋ ಲೆವೆಲ್ ಕೆಳಗೆ ಕಲ್ಲು ಸಿಡಿದು ದಾರಿ ಮುಚ್ಚಿ
ಎರಡು ರಾತ್ರಿ, ಒಂದು ಹಗಲು.
ಅದು ಮೇಲಿನವರ ಲೆಕ್ಕ, ಕೆಳಗೆ ಎಲ್ಲಾ ಒಂದೇ.
ಮೂರು ಜನ, ಒಬ್ಬನ ಬುತ್ತಿ.
ಬಿಚ್ಚಿದ ಕೂಡಲೇ ಮೊದಲ ತುತ್ತು
ಇಲಿಗೆ ಹಾಕಿದನಂತೆ.
ಇಲಿ ಕೂತು ತಿಂದರೆ ನೆತ್ತಿ ಮೇಲಿನ ಬಂಡೆ
ಇನ್ನೂ ಕೂತಿದೆ ಅಂತ.
ಇಲಿ ಓಡಿತೋ, ಬಾಯಲ್ಲಿದ್ದದ್ದು ಉಗಿದು ನೀನೂ ಓಡು.
'ಪುಣ್ಯಕ್ಕಲ್ಲ ಮಗಳೇ, ಲೆಕ್ಕಕ್ಕೆ.'
ಆದರೆ ಗಣಿ ಬಿಟ್ಟ ಮೇಲೂ ಸಾಯುವವರೆಗೆ
ತಟ್ಟೆಯಂಚಿನಲ್ಲಿ ಒಂದು ತುತ್ತು ಬಿಡುತ್ತಿದ್ದ.
ಅದು ಯಾವ ಲೆಕ್ಕ ಅಂತ ಹೇಳಲಿಲ್ಲ.
ನಾನು ಕೇಳಲೂ ಇಲ್ಲ.

ಇವತ್ತು ಪೆಟ್ಟಿಗೆ ಎಳೆದು ಎಣಿಸುವಾಗ
ಮೂಲೆಯ ಡಬ್ಬಿಯೊಂದು ಉಬ್ಬಿತ್ತು.
ಬೆರಳಿಟ್ಟರೆ ಒಳಗೆ ಇಳಿಯದು,
ಬಸುರಿಯ ಹೊಟ್ಟೆಯಂತೆ ಬಿಗಿ.
ಯಾರಿಗೂ ಹಾಕುವಂತಿಲ್ಲ,
ತಿಪ್ಪೆಗೆ ಎಸೆದರೆ ಯಾವ ಬೀದಿನಾಯಿ ಕಚ್ಚೀತೋ.
ಚೀಲಕ್ಕೆ ಹಾಕಿ, ಸನಿಕೆ ಹಿಡಿದು
ಸೈನೈಡ್ ದಿಬ್ಬದ ಬುಡಕ್ಕೆ ಹೋದೆ.
ಹಿಂದೆ ಶಿಫ್ಟು, ಅವನ ಹಿಂದೆ
ಬರುತ್ತಿಲ್ಲ ಅನ್ನೋ ಹಾಗೆ ರಾಸಾತಿ.
ಬೂದಿ ಬಣ್ಣದ ಮಣ್ಣು, ಹುಲ್ಲೂ ಯೋಚಿಸಿ ಹುಟ್ಟುವ ಜಾಗ.
ಮೊಣಕೈವರೆಗೆ ಅಗೆದೆ.
ಬಂಗಾರ ತೆಗೆದ ಮಣ್ಣಿಗೆ
ನನ್ನ ಕಡೆಯಿಂದ ಒಂದು ಮೀನು.

ಮನೆಗೆ ಬಂದು ಮತ್ತೆ ಎಣಿಸಿದೆ. ಮೂವತ್ತು.
ತಾರೀಖು ಹತ್ತಿರವಾದದ್ದು ಒಂದನ್ನು ತೆರೆದೆ,
ಎಣ್ಣೆಯದ್ದು.
ರಾಸಾತಿಯ ಪಾಲನ್ನು ಮೂರು ನೀರಲ್ಲಿ ತೊಳೆದೆ.
ಶಿಫ್ಟಿನ ಪಾಲಿಗೆ ಬಿಸಿ ಅನ್ನ.
ನನ್ನ ಪಾಲು ಬೆಳ್ಳುಳ್ಳಿ ಜಜ್ಜಿ ಒಗ್ಗರಣೆಗೆ.
ಹತ್ತಾಯಿತು. ತಟ್ಟೆಯಂಚಿನಲ್ಲಿ ಏನೋ ಉಳಿದಿತ್ತು,
ಬಿಟ್ಟೆನೋ, ಸಾಕಾಯಿತೋ.

ಗೋಡೆಯ ಆಚೆ ಇಲಿ ಕೆರೆಯುವ ಸದ್ದು.
ರಾಸಾತಿ ಒಂದು ಕಿವಿ ಎತ್ತಿತು, ಏಳಲಿಲ್ಲ.
ನಾನೂ ಏಳಲಿಲ್ಲ.
ಅದು ಅಲ್ಲೇ ಇರುವ ತನಕ
ನಮಗೇನೂ ಅವಸರವಿಲ್ಲ.