ಒಂದರಿಂದ ಐದರವರೆಗೆ

ಹರ್ಮಟಾನ್ ಗಾಳಿ ಶುರುವಾದ ವಾರವೇ
ಇಬಾದಾನಿನ ನಮ್ಮ ಲೈಬ್ರರಿಗೆ ಸುತ್ತೋಲೆಯೂ ಬಂತು.
ಸಹಾರದ ಧೂಳು ಒರೆಸಿದಷ್ಟೂ ಮತ್ತೆ ಕೂರುತ್ತದೆ;
ಸುತ್ತೋಲೆ ಹಾಗಲ್ಲ, ಒಂದೇ ಸಲ ಕೂತಿತು:
ಬೈಂಡಿಂಗ್ ವಿಭಾಗ ಇನ್ನಿಲ್ಲ.
ನಾನು, ಮೊರೆನಿಕೆ, ಎರವಲು ಕೌಂಟರಿನಲ್ಲಿ ಹದಿನೇಳು ವರ್ಷ,
ಇನ್ನು ಮುಂದೆ ‘ಬಳಕೆದಾರ ಅನುಭವ ಸಹಾಯಕಿ’.
ಕುರ್ಚಿ ಅದೇ. ಕುರ್ಚಿಯ ಮುರಿದ ಕೈಯೂ ಅದೇ.

ಬಾಬಾ ಫೊಲಾರಿನ್‌ರನ್ನು ಸ್ಕ್ಯಾನಿಂಗಿಗೆ ಹಾಕಿದರು.
ಮೂವತ್ತೊಂದು ವರ್ಷ ಮರಗೆಣಸಿನ ಗಂಜಿ ಕಾಯಿಸಿ
ಅಂಟು ಮಾಡಿದ ಮನುಷ್ಯ.
ಬಿಸಿ ಜಾಸ್ತಿಯಾದರೆ ಹಾಳೆ ಅಳುತ್ತದೆ, ಅನ್ನುತ್ತಿದ್ದರು,
ತಣ್ಣಗಾದರೆ ಅಂಟು ಸುಳ್ಳು ಹೇಳುತ್ತದೆ.
ಬೆರಳ ತುದಿಯ ಗೆರೆಗಳೆಲ್ಲ ಸವೆದು
ಹಾಜರಿಯ ಹೊಸ ಯಂತ್ರ
ಮೂರು ಸಲ ಒತ್ತಿದರೂ ಅವರನ್ನು ಗುರುತಿಸಲಿಲ್ಲ.

ಸ್ಕ್ಯಾನರಿಗೆ ಹಾಳೆ ಬಿಡಿಬಿಡಿಯಾಗಿ ಬೇಕು,
ಅದಕ್ಕೇ ಬೆನ್ನು ಕತ್ತರಿಸಬೇಕು.
ಅಂಚು ಒಪ್ಪ ಮಾಡುತ್ತಿದ್ದ ಅದೇ ಅಲಗು,
ಪುಸ್ತಕ ಮಾತ್ರ ಮಗ್ಗುಲು ಬದಲಿಸಿತು.
ಮೊದಲ ದಿನ ಬಂದದ್ದು ಹಳೆಯದೊಂದು ಕೃಷಿ ವರದಿ,
ಅವರೇ ಹೊಲಿದದ್ದು; ಒಳರಟ್ಟಿನಲ್ಲಿ ಪೆನ್ಸಿಲಿನ ಸಣ್ಣ ‘ಎಫ್’.
ನಾನು ಬಾಗಿಲಲ್ಲೇ ನಿಂತಿದ್ದೆ.
ಬೆನ್ನು ತಟ್ಟಿದರು, ಎರಡು ಸಲ,
ಮಗುವಿಗೆ ತೇಗು ಬರಿಸುವ ಹಾಗೆ.
ಆಮೇಲೆ ಹಿಡಿ ಎಳೆದರು.

ಯಾರೂ ಏನೂ ಅನ್ನಲಿಲ್ಲ. ಸಂಬಳ ಎರಡು ತಿಂಗಳು ಬಾಕಿ;
ಸಿಟ್ಟಿಗೂ ಬಸ್ ಚಾರ್ಜು ಬೇಕಲ್ಲ.

ಶುಕ್ರವಾರ ಪ್ರಶ್ನಾವಳಿ ಹಂಚಿದರು:
ನಿಮ್ಮ ಕೆಲಸದಲ್ಲಿ ನಿಮಗೆ ತೃಪ್ತಿ ಇದೆಯೇ?
ಒಂದರಿಂದ ಐದರವರೆಗೆ ಗುರುತು ಹಾಕಿ. ಹೆಸರು ಬೇಡ.
ಗೇಟಿನ ಅಕಂಬಿ ಎಲ್ಲಕ್ಕೂ ಐದೇ ಹಾಕಿದ,
ಗುರುತಿನ ಬಾಲ ನೋಡಿಯೇ ಆಳನ್ನು ಪತ್ತೆ ಹಚ್ಚುತ್ತಾರಂತೆ.
ನಾನು ಮೂರು ಹಾಕಿದೆ. ಮೂರು ಎಂದರೆ,
ಜನರೇಟರ್ ನಿಂತಾಗ ಮೊಬೈಲಿನ ಬೆಳಕಲ್ಲಿ
ಹುಡುಗಿಯೊಬ್ಬಳು ಪುಸ್ತಕ ಸಿಕ್ಕಿ
“ಇದೇ, ಇದೇ!” ಎಂದು ಕೂಗಿದ ಆ ಒಂದು ಮಂಗಳವಾರ ಒಂದು ಕಡೆ,
ಉಳಿದೆಲ್ಲ ವಾರಗಳು ಇನ್ನೊಂದು ಕಡೆ.

ನಲವತ್ತಾರು ಹಾಳೆ ಒಟ್ಟುಮಾಡಿ ಕೊಡುವ ಕೆಲಸ
ಬಾಬಾಗೆ ಬಿತ್ತು. ಸೋಮವಾರ ತಂದಿಟ್ಟರು:
ನಾಲ್ಕು ತೂತು, ಮೇಣದ ದಾರ, ನೀಲಿ ಬಟ್ಟೆಯ ಬೆನ್ನು,
ಇನ್ನೂ ಆರದ ಗಂಜಿಯ ವಾಸನೆ.
“ಬಿಡಿ ಹಾಳೆ ಕಳೆದುಹೋಗ್ತವೆ,” ಅಂದರು. ಅಷ್ಟೇ.
ಅವರದು ಯಾವುದೆಂದು ಹುಡುಕಿದೆ, ಸುಳ್ಳೇಕೆ ಹೇಳಲಿ.
ಕೊನೆಯದು. ಯಾವ ಅಂಕಿಗೂ ಗುರುತಿಲ್ಲ.
ಒಳರಟ್ಟಿನಲ್ಲಿ ‘ಎಫ್’.

ಆಡಳಿತ ಕಚೇರಿ ಅದನ್ನು ವಾಪಸು ಕಳಿಸಿತು, ಚೀಟಿ ಅಂಟಿಸಿ:
ಯಂತ್ರದೊಳಗೆ ಹೋಗುತ್ತಿಲ್ಲ,
ದಯವಿಟ್ಟು ಬೆನ್ನು ಕತ್ತರಿಸಿ ಕಳಿಸಿ.
ಗುರುವಾರ ಫೋನು ಬಂತು.
ನಾನು ಬಳಕೆದಾರ ಅನುಭವ ಸಹಾಯಕಿ,
ತುಂಬ ನಯವಾಗಿಯೇ ಹೇಳಿದೆ:
ಕ್ಷಮಿಸಿ, ಆ ಪುಸ್ತಕ ಎರವಲು ಹೋಗಿದೆ.

ವಾಪಸಿನ ತಾರೀಖು? ಅಂದರು.
ಮುದ್ರೆಯ ಮಸಿ ಒಣಗಿತ್ತು.
ಬಾಯುಸಿರು ಊದಿ ಒತ್ತಿದೆ.