ಗಂಟೆಗೆ ಎಷ್ಟು

ಬಾಳೆಲೆಯ ಬಯಲಲ್ಲಿ ಹದಿನಾಲ್ಕು ವರ್ಷ
ಟಿಲ್ಲರ್ ಹೊಡೆದೆ, ಗಂಟೆಗಿಷ್ಟೆಂದು.
ಮೊಣಕಾಲುದ್ದ ಕೆಸರು, ಕಿವಿಯಲ್ಲಿ ಡೀಸೆಲ್ಲಿನ ಗುಡುಗು,
ಹಿಂದೆ ಹಿಂದೆಯೇ ಕೊಕ್ಕರೆ.
ಮಣ್ಣಿಗಾಗಿ ಉಳುತ್ತಿದ್ದೇನೆ ಅಂದುಕೊಂಡಿದ್ದೆ.

ದೇಚಮ್ಮ ಹೊಸ ಬೀಜ ತಂದ ವರ್ಷ ತಿಳಿಯಿತು,
ಇಷ್ಟು ದಿನ ಉತ್ತದ್ದು ಕಳೆಗಾಗಿ.
ಮದ್ದು ಹೊಡೆದರೆ ಹುಲ್ಲು ಸಾಯುತ್ತದೆ, ಈ ಭತ್ತ ಸಾಯುವುದಿಲ್ಲ.
ಹುಲ್ಲೇ ಇಲ್ಲದ ಮೇಲೆ ಉಳುಮೆ ಯಾಕೆ?
ಹಳೇ ಕೂಳೆಯ ನಡುವೆ ಗೀರು ಹಾಕಿ ಕಾಳು ಬಿಟ್ಟಳು.
ಅಗೆಮಡಿ ಇಲ್ಲ, ನಾಟಿಯ ಆಳಿಲ್ಲ,
ನಾನಿಲ್ಲ.

"ಬೇಜಾರು ಮಾಡ್ಕೋಬೇಡ ಬೆಳ್ಳಿಯಪ್ಪ" ಅಂದಳು,
ಒಂದು ಚೀಲ ಕಿತ್ತಳೆ ಕೊಟ್ಟಳು.
ಬೇಜಾರು ಮಾಡಿಕೊಂಡೇ ತಿಂದೆ.

ಆ ಮಳೆಗಾಲ ತೋಡು ಕೆಂಪಗೆ ಹರಿಯಲಿಲ್ಲ.
ಅವಳ ಗದ್ದೆ ದಾಟಿದ ನೀರಲ್ಲಿ ತಳದ ಕಲ್ಲು ಕಾಣುತ್ತಿತ್ತು.
ಪ್ರತಿ ವರ್ಷ ನಾನೇ ಕಲಕಿ
ಲಕ್ಷ್ಮಣತೀರ್ಥಕ್ಕೆ ಕಳಿಸುತ್ತಿದ್ದ ಮಣ್ಣು
ಅಲ್ಲೇ ಕೂತಿತ್ತು, ಎರೆಹುಳ ಉಗುಳಿದ ಗುಳಿಗೆ ಗುಳಿಗೆಯಾಗಿ.
ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು,
ಅಷ್ಟರಲ್ಲಿ ಇನ್ನಾರು ಮನೆಯವರು ಉಳುವುದು ಬಿಟ್ಟರು.
ಬದುವಿನ ಒಂದೆಲಗವೂ ಹೋಯಿತು;
ಕಳೆಯೋ ಸೊಪ್ಪೋ ಅಂತ ಮದ್ದು ಕೇಳುವುದಿಲ್ಲ.
ಏಡಿ ಹಿಡಿಯಲು ಬರುತ್ತಿದ್ದ ಚುಬ್ಬಿ
ಈಗ ಮೇಲಿನ ಗದ್ದೆಗೇ ಹೋಗುತ್ತಾಳೆ.

ಈ ಸಲ ಕೈಲ್ ಪೊಳ್ದ್‌ಗೆ ಟಿಲ್ಲರ್ ತೊಳೆದು
ಹಿಡಿಗೆ ತೋಕ್ ಪೂ ಸಿಕ್ಕಿಸಿದೆ,
ಕೆಲಸವಿಲ್ಲದಿದ್ದರೂ ಆಯುಧ ಆಯುಧವೇ.
ಬಾಡಿದ ಹೂ ಇನ್ನೂ ಅಲ್ಲೇ ಇತ್ತು, ದೇಚಮ್ಮನ ಫೋನು:
"ಮಾರಿಲ್ಲ ತಾನೆ ಅದನ್ನ?"

ಹೋದೆ. ತೆನೆಯ ನಡುವೆ ತೆನೆ,
ಕೆಂಪು ಮೀಸೆಯದು, ಗೇಣು ಎತ್ತರ ಹೆಚ್ಚು,
ಮುಟ್ಟಿದರೆ ಉದುರುವ ಕಾಳು. ಕಾಡುಭತ್ತ.
ಮೊದಲ ವರ್ಷ ಮದ್ದಿಗೆ ಸತ್ತಿತ್ತು.
ಪಕ್ಕದಲ್ಲೇ ಹೂ ಬಿಟ್ಟು ನಿಂತು ನಿಂತು
ಸಾಯದಿರುವುದನ್ನು ನೆರೆಯವರಿಂದಲೇ ಕಲಿತುಬಿಟ್ಟಿದೆ.

"ಕೊಯ್ಲಾದ ಮೇಲೆ ಒಮ್ಮೆ ಉತ್ತುಬಿಡ್ತೀಯಾ?"
ಹೂಂ ಅನ್ನಬೇಕಿತ್ತು.
ಕಾಲ ಕೆಳಗೆ ಪಾಪುಟ್ಟಿನ ಹಾಗೆ ಒತ್ತಿಕೊಂಡಿತು
ಮೂರು ವರ್ಷ ಯಾರೂ ಒಡೆಯದ ನೆಲ.
ಪ್ಯಾಂಟು ಮಡಚಿ ಇಳಿದು
ಕೆಂಪು ತೆನೆಯೊಂದನ್ನು ಬುಡಸಮೇತ ಕಿತ್ತೆ.
ಅವಳು ಇನ್ನೊಂದು.
ಮಧ್ಯಾಹ್ನದ ತನಕ ಕಿತ್ತೆವು,
ಒಂದು ಕಾಳೂ ಉದುರದ ಹಾಗೆ
ಚೀಲದ ಬಾಯಿ ಬಿಗಿ ಹಿಡಿದು.

ಇದಕ್ಕೆ ಗಂಟೆಗೆ ಎಷ್ಟು ಅಂತ
ಇಬ್ಬರಿಗೂ ಗೊತ್ತಿಲ್ಲ.